ಮೊದ್ಲ ಬರದಿತ್ರೀ

ಫೋರ್ಟಿನ ಹಳೇ ಕಟ್ಟಡ, ಮೂರನೇ ಮಹಡಿ,
ಅಪಘಾತ ಪರಿಹಾರದ ಕೋರ್ಟು.
ಫ್ಯಾನು ತಿರುಗುತ್ತದೆ, ಗಾಳಿ ವಕೀಲರ ಕಡೆಗಷ್ಟೆ.
ನಾನು ದುಭಾಷಿ. ಧಾರಾವಿಯ ಮುನಿಸಿಪಾಲಿಟಿ ಶಾಲೆಯಲ್ಲಿ
ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವಳು.
ಮಕ್ಕಳು ಮುಗಿದರು, ಶಾಲೆ ಮುಗಿಯಿತು,
ಉಳಿದ ಕನ್ನಡವನ್ನು ಈಗ ದಿನಗೂಲಿಗೆ
ಈ ದಡದಿಂದ ಆ ದಡಕ್ಕೆ ದಾಟಿಸುತ್ತೇನೆ.

ಕಟಕಟೆಯಲ್ಲಿ ಸಾಬವ್ವ.
ಸುರಪುರದ ಕಡೆಯವಳು, ಮಾನಖುರ್ದಿನ ಜೋಪಡಿ.
ಗಂಡ ಹಯ್ಯಾಳಪ್ಪ, ಗಾರೆ ಕೆಲಸ, ನೀರಿನ ಟ್ಯಾಂಕರಿನಡಿ.
ಹೇಗಾಯಿತು ಎಂದು ಕೇಳಿದರು.
‘ಹ್ಯಾಂಗಾತು ಅಂದ್ರ ಏನ್ ಹೇಳ್ಲಿ.
ಮೊದ್ಲ ಬರದಿತ್ರೀ.’

ಎರಡೇ ಪದ. ನನ್ನ ದೋಣಿ ಅಲ್ಲೇ ಕಚ್ಚಿಕೊಂಡಿತು.

ಬರೆದಿತ್ತು. ಬರೆದವರು ಯಾರು?
ನಮ್ಮ ಕ್ರಿಯಾಪದ ಬಾಯಿ ಬಿಡುವುದಿಲ್ಲ,
ಕರ್ತೃವನ್ನು ನುಂಗಿ ನೀರು ಕುಡಿದಿದೆ.
ಮರಾಠಿಯಲ್ಲಿ ನಶೀಬ ಎಂದರೆ ಲಾಟರಿ ಅಂಗಡಿಯ ವಾಸನೆ,
ವಿಧಿಲಿಖಿತ ಎಂದರೆ ನಾಟಕದ ಪರದೆ ಬಿದ್ದ ಸದ್ದು.
ಕೋಶ ತೆರೆದರೆ
ಪೂರ್ವನಿಶ್ಚಿತ, ಪೂರ್ವನಿಯೋಜಿತ
ಚಾಳಿನ ಅಕ್ಕಪಕ್ಕದ ಖೋಲಿಗಳು,
ನಡುವೆ ತೆಳ್ಳನೆ ಪ್ಲೈವುಡ್ಡು.
ಒಂದರಲ್ಲಿ ದೇವರು ಬಾಡಿಗೆಗಿದ್ದಾನೆ, ಇನ್ನೊಂದರಲ್ಲಿ ಕೊಲೆಗಾರ.
ರಾತ್ರಿ ಇಬ್ಬರ ಕೆಮ್ಮೂ ಒಂದೇ ಥರ ಕೇಳಿಸುತ್ತದೆ.

ವಿಮಾ ಕಂಪನಿಯ ಟಿಪಣೀಸ್ ಆಗಲೇ ಎದ್ದಿದ್ದರು.
ಅವರಿಗೂ ನಾಲ್ಕು ಮಾತು ಕನ್ನಡ ಬರುತ್ತದೆ, ಸೊಲ್ಲಾಪುರದ್ದು.
‘ಬರೆದಿತ್ತಂತೆ, ಮಾನ್ಯರೇ, ನಮೂದಾಗಲಿ.
ಬರೆದದ್ದೇ ಆಯಿತು ಅಂದಮೇಲೆ ಡ್ರೈವರನ ತಪ್ಪೇನು?’

ತಡೆಯಿರಿ ಎಂದೆ. ಟೀಚರ ದನಿ ತಾನೇ ಬಂತು.
ಈ ಜಾತಿಯ ಮಾತುಗಳಿಗೆ ಭವಿಷ್ಯತ್ಕಾಲ ಇಲ್ಲ ಸ್ವಾಮೀ.
ನಾಳೆ ಹತ್ತಕ್ಕೆ ನನ್ನ ಹಣೆಬರಹ ಎಂದು
ಯಾರೂ ಗೋಡೆಗೆ ಅಂಟಿಸಿಕೊಳ್ಳುವುದಿಲ್ಲ.
ಹಾಲು ಉಕ್ಕಿದ ಮೇಲೆ, ಹೆಣ ಎತ್ತಿದ ಮೇಲೆ
ಹುಡುಕಿ ತೆಗೆಯುತ್ತೇವೆ.
ಮದುವೆ ಕೂಡಿದರೆ ಯೋಗ, ಮುರಿದರೆ ಗ್ರಹಚಾರ,
ಖೋಲಿ ಕೈತಪ್ಪಿದರೆ ಪ್ರಾಪ್ತಿ ಇರಲಿಲ್ಲ,
ಹೋದವರದು ಋಣ ತೀರಿತು.
ನನ್ನವ್ವ ‘ನಾ ಕೇಳಿಕೊಂಡು ಬಂದದ್ದು’ ಅನ್ನುತ್ತಿದ್ದಳು,
ರೇಷನ್ ಸಾಲಿನಲ್ಲಿ ನಿಂತು
ಹುಳ ಬಿದ್ದ ಗೋಧಿಯನ್ನೇ ಆರಿಸಿ ತಂದವಳ ಹಾಗೆ.

ಇಷ್ಟೆಲ್ಲ ಹೇಳಿದೆನೇ? ಎಲ್ಲಿ!
‘ಸಾಕ್ಷಿಗೆ ಇನ್ನೊಮ್ಮೆ ಕೇಳಬೇಕು’ ಎಂದೆ, ಅಷ್ಟೇ.

ಸಾಬವ್ವ ದಡ್ಡ ಹುಡುಗಿಯನ್ನು ನೋಡುವಂತೆ ನನ್ನನ್ನು ನೋಡಿದಳು.
‘ಬರದಿದ್ದು ಅವನ ಹಣ್ಯಾಗರೀ ಅಕ್ಕಾರ.
ಬ್ರೇಕು ಡ್ರೈವರನ ಕಾಲಾಗ ಇತ್ತಲ್ಲ?’

ಅದನ್ನು ದಾಟಿಸಲು ಕಷ್ಟವಾಗಲಿಲ್ಲ.

ಹೇಳಿಕೆಗೆ ಹೆಬ್ಬೆಟ್ಟು ಒತ್ತಿ, ಶಾಯಿ ತಲೆಗೆ ಒರೆಸಿಕೊಂಡಳು.
ಒಂದೆಳೆ ಹಣೆಯ ಅಂಚಿಗೂ ಇಳಿಯಿತು.
ಒರೆಸಿಕೋ ಅನ್ನಲು ಹೋಗಿ ಸುಮ್ಮನಾದೆ.

ಹೊರಗೆ ಬೆಂಚಿನ ಮೇಲೆ ಗುಮಾಸ್ತನ ಲೆಕ್ಕ.
ವಯಸ್ಸು ಮೂವತ್ತನಾಲ್ಕು; ಬೆರಳು ಕೋಷ್ಟಕದಲ್ಲಿ ಜಾರಿ
ಹದಿನಾರರಲ್ಲಿ ನಿಂತಿತು.
ವರ್ಷದ ದುಡಿಮೆ, ಇಂಟು ಹದಿನಾರು.
ಮೂರರಲ್ಲೊಂದು ಪಾಲು, ಬದುಕಿದ್ದರೆ
ಅವನೇ ಉಂಡುಟ್ಟು ಖರ್ಚು ಮಾಡುತ್ತಿದ್ದ, ಕಳೆಯಿರಿ.

‘ಹದಿನಾರು ಅಂದ್ರ? ಇನ್ನ ಹದಿನಾರು ವರ್ಷ ಇರ್ತಿದ್ದನೇನ್ರಿ?’
ಹಾಗಲ್ಲವ್ವ, ಅದು ಗುಣಕ.
‘ಯಾರ್ ಬರದಾರ್ರಿ ಇದನ?’
ಕಾಗದ ತಿರುವಿ ನೋಡಿದೆ.
ಮೊದಲೇ ಬರೆದಿತ್ತು, ಎಂದೆ.

ಸಿಎಸ್‌ಎಂಟಿಯಲ್ಲಿ ಸಂಜೆಯ ಜನ.
ಪನ್ವೇಲ್ ಗಾಡಿ, ಒಂದನೇ ಪ್ಲಾಟ್‌ಫಾರ್ಮು, ಐದೂ ನಲವತ್ತೆರಡು,
ಅವಳಿಗೆ ಓದಿ ಹೇಳುತ್ತಿದ್ದೆ.
ಕೆಂಪಕ್ಷರ ಮಿಣುಕಿತು, ಅಳಿಯಿತು.
ಏನೋ ಕೂಗಿದರು, ಜನ ಎದುರಿನ ಎರಡಕ್ಕೆ ಹೊರಳಿದರು.
ನಾನು ಬರಿದಾದ ಫಲಕಕ್ಕೇ ಕತ್ತೆತ್ತಿ ನಿಂತಿದ್ದೆ,
ಓದು ಬಾರದ ಸಾಬವ್ವ
ಚೀಲ ಎದೆಗವುಚಿ ಅರ್ಧ ದಾರಿ ಓಡಿಯಾಗಿತ್ತು.
‘ಬರ್ರೀ ಅಕ್ಕಾರ, ನಿಂತ್ರ ಹೋಗ್ತದ, ಬರ್ರೀ.’